ಒಂದು ಗುಳಿಗೆ, ನಾಲ್ಕು ಮದ್ದು

ಕೋಯಮತ್ತೂರಿನಿಂದ ಪಾಲಕ್ಕಾಡಿನ ಕಡೆಗೆ ರೈಲಿನಲ್ಲಿ ಹೊರಟರೆ, ಪೋದನೂರು ದಾಟಿದ ಮೇಲೆ ನಮ್ಮ ಮದುಕ್ಕರೈ ಬರುತ್ತದೆ. ಸುಣ್ಣಕಲ್ಲಿನ ನೆಲ, ಸಿಮೆಂಟಿನಿಂದ ಹೆಸರು ಪಡೆದ ಊರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುತ್ತ ಬೆಳೆದ ನಮಗೆ ಸುಣ್ಣವೆಂದರೆ ಗೋಡೆಗೂ ಎಲೆಯಡಿಕೆಗೂ ಬೇಕಾದ ವಸ್ತು, ಅಷ್ಟೆ. ಅದಕ್ಕೂ ಔಷಧಕ್ಕೂ ನಂಟುಂಟೆಂದು ತಿಳಿದದ್ದು ನಮ್ಮಣ್ಣನ ಕಾಯಿಲೆಯಿಂದ.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಕ್ಷಯ ತಗುಲಿತು. ದಿನಕ್ಕೆ ಮೂರರಂತೆ ಗುಳಿಗೆ ಕೊಟ್ಟರು. ಒಂದೊಂದರಲ್ಲಿಯೂ ನಾಲ್ಕು ಮದ್ದು: ರಿಫಾಂಪಿಸಿನ್ 150 ಮಿಲಿಗ್ರಾಂ, ಐಸೋನಿಯಜಿಡ್ 75, ಪೈರಜಿನಮೈಡ್ 400, ಎಥಾಂಬ್ಯುಟಾಲ್ 275. ನಾಲ್ಕನೆಯ ದಿನ ಅಣ್ಣ ನಮ್ಮನ್ನು ಕರೆದು, “ಮೇಷ್ಟ್ರೆ, ಮೂತ್ರ ಕೆಂಪಗೆ ಹೋಗುತ್ತದಲ್ಲ, ಅದು ಯಾವ ಮದ್ದಿನ ಗುಣ?” ಎಂದ. ರಿಫಾಂಪಿಸಿನ್ನಿನದು ಎಂದೆವು. “ಸರಿ, ಆ ಒಂದನ್ನು ಕಣ್ಣಾರೆ ಕಂಡೆ. ಉಳಿದ ಮೂರು ಇದರೊಳಗೆ ಇವೆಯೆಂದು ನೋಡಿದವರು ಯಾರು?” ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಗುವ ತನಕ ಗುಳಿಗೆ ನುಂಗುವುದಿಲ್ಲವೆಂದು ಅಣ್ಣ ಹಟ ಹಿಡಿದ.

ಇದು ನಗುವ ಮಾತಲ್ಲ. ಒಂದು ಮದ್ದಿಗೆ ಬಗ್ಗದ ಕ್ರಿಮಿಯನ್ನು ಇನ್ನೊಂದು ಕೊಲ್ಲಲಿ ಎಂದೇ ನಾಲ್ಕನ್ನು ಕೂಡಿಸುತ್ತಾರೆ. ಒಂದು ಕಡಮೆಯಾದರೂ, ನಡುವೆ ನಿಲ್ಲಿಸಿದರೂ, ಬಗ್ಗದ ಕ್ರಿಮಿಗಳೇ ಉಳಿದು ಬೆಳೆಯಬಹುದು.

ಉತ್ತರವನ್ನು ಹುಡುಕುತ್ತ ನಾವು ಮೊದಲು ಮುಟ್ಟಿದ್ದು ಸುಣ್ಣವನ್ನೇ. 1903ರಲ್ಲಿ ವಾರ್ಸಾ ನಗರದಲ್ಲಿ ಮಿಖಾಯಿಲ್ ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ ತನ್ನ ಹೊಸ ವಿಧಾನವನ್ನು ವಿವರಿಸಿದನು. ಗಾಜಿನ ಕೊಳವೆಯಲ್ಲಿ ಸುಣ್ಣದ ಪುಡಿಯನ್ನು ತುಂಬಿ, ಎಲೆಯ ರಸವನ್ನು ಮೇಲಿನಿಂದ ಇಳಿಯಬಿಟ್ಟರೆ, ಒಂದೇ ಹಸುರೆಂದು ತೋರುವುದು ಹಸುರು, ಹಳದಿ ಪಟ್ಟೆಗಳಾಗಿ ಬೇರ್ಪಡುತ್ತದೆ. 1906ರಲ್ಲಿ ಅವನು ಇದಕ್ಕೆ ‘ಕ್ರೊಮಟೋಗ್ರಫಿ’, ಎಂದರೆ ಬಣ್ಣದ ಬರಹ, ಎಂದು ಹೆಸರಿಟ್ಟನು. ಮುಂದೆ 1941ರಲ್ಲಿ ಮಾರ್ಟಿನ್ ಮತ್ತು ಸಿಂಜ್ ಎಂಬಿಬ್ಬರು ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆಯ ಸಂಶೋಧನಾಲಯದಲ್ಲಿ ಈ ವಿದ್ಯೆಗೆ ಹೊಸ ದಾರಿ ತೆರೆದು, 1952ರ ನೊಬೆಲ್ ಪಾರಿತೋಷಕವನ್ನು ಪಡೆದರು. ಗಿರಣಿಗಳ ನಾಡಿನವರಾದ ನಮಗೆ ಇದು ಮೆಚ್ಚುಗೆಯ ಸಂಗತಿ.

ಮಿಕ್ಕದ್ದನ್ನು ತಿಳಿಸಿದವನು ನಮ್ಮ ಹಳೆಯ ಶಿಷ್ಯ. ಔಷಧಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಅವನಿಗೆ ಕೆಲಸ. ಅಲ್ಲಿ ಗಾಜಿನ ಬದಲು ಒಂದು ಗೇಣುದ್ದದ ಉಕ್ಕಿನ ಕೊಳವೆ. 25 ಸೆಂಟಿಮೀಟರು ಉದ್ದ, ಒಳಗಿನ ವ್ಯಾಸ 4.6 ಮಿಲಿಮೀಟರು. ಸುಣ್ಣದ ಬದಲು ಸಿಲಿಕಾದ ಅತಿ ಸಣ್ಣ ಕಾಳುಗಳು. ಅವುಗಳ ಮೈಗೆ ಹದಿನೆಂಟು ಇಂಗಾಲದ ಸರಪಳಿಗಳನ್ನು ಜೋಡಿಸಿ ಜಿಡ್ಡಿನ ಗುಣವನ್ನು ತಂದಿರುತ್ತಾರೆ. ಇಪ್ಪತ್ತು ಗುಳಿಗೆಗಳನ್ನು ತೂಗಿ, ಅರೆದು, ಗೊತ್ತಾದ ತೂಕದ ಪುಡಿಯನ್ನು ಕರಗಿಸಿ, ಸೋಸಿ, ಅದರ ಒಂದು ಹನಿಯನ್ನು ಒಳಕ್ಕೆ ಬಿಡುತ್ತಾರೆ. ನೀರೂ ಅಸಿಟೊನೈಟ್ರೈಲೂ ಬೆರೆತ ದ್ರವವನ್ನು ಪಂಪು ಭಾರಿ ಒತ್ತಡದಿಂದ ಹಿಂದಿನಿಂದ ತಳ್ಳುತ್ತದೆ.

ಸಂತೆಯ ಬೀದಿಯನ್ನು ನೆನೆಯಿರಿ. ಎಲ್ಲರೂ ಒಟ್ಟಿಗೆ ಹೊಗುತ್ತಾರೆ. ಎಣ್ಣೆಯಂಗಡಿಯ ಗೆಳೆತನವಿದ್ದವನು ಅಲ್ಲಲ್ಲಿ ನಿಂತು ಕಡೆಗೆ ಬರುತ್ತಾನೆ. ನೀರನ್ನು ನೆಚ್ಚಿದ ಐಸೋನಿಯಜಿಡ್ ಮೊದಲು ಹೊರಬೀಳುತ್ತದೆ, ಹಿಂದೆಯೇ ಪೈರಜಿನಮೈಡ್. ಜಿಡ್ಡನ್ನು ಮೆಚ್ಚುವ ರಿಫಾಂಪಿಸಿನ್ ಕೊನೆಗೆ. ಬಾಗಿಲಲ್ಲಿ ನೇರಳಾತೀತ ಬೆಳಕು ಕಾದಿರುತ್ತದೆ. ಪ್ರತಿಯೊಂದೂ ದಾಟುವಾಗ ಬೆಳಕನ್ನು ಹೀರುವುದರಿಂದ ರೇಖೆಯು ಗುಡ್ಡದಂತೆ ಏರಿ ಇಳಿಯುತ್ತದೆ. ಶುದ್ಧವಾದ ಮಾದರಿ ಮದ್ದಿನ ಗುಡ್ಡದ ವಿಸ್ತಾರ 1000 ಆಗಿದ್ದು, ಅಷ್ಟೇ ಪ್ರಮಾಣವಿರಬೇಕಾದ ಗುಳಿಗೆಯದು 960 ಆದರೆ, ನೂರಕ್ಕೆ 96ರಷ್ಟಿದೆ ಎಂದಾಯಿತು. 75 ಮಿಲಿಗ್ರಾಮಿನ ಬದಲು 72. ಸಾಮಾನ್ಯವಾಗಿ 90ರಿಂದ 110ರವರೆಗೆ ಒಪ್ಪಿಗೆ. ಎಥಾಂಬ್ಯುಟಾಲ್ ಮಾತ್ರ ಈ ಬೆಳಕಿಗೆ ಬಹುಮಟ್ಟಿಗೆ ಕಾಣದು. ತಾಮ್ರದ ಲವಣದೊಡನೆ ಕೂಡಿಸಿ ಕಾಣುವಂತೆ ಮಾಡುವುದೇ ಮೊದಲಾದ ಬೇರೆ ಉಪಾಯ ಬೇಕು.

“ಬೇರ್ಪಡಿಸದೆ ಒಟ್ಟಿಗೇ ಅಳೆಯಬಾರದೆ?” ಎಂದು ಕೇಳಿದೆವು. ಶಿಷ್ಯ ನಕ್ಕು, “ಸಾರ್, ಕೂಡಿ ಬಾಳುವವರೆಲ್ಲ ಸ್ನೇಹಿತರಲ್ಲ” ಎಂದ. ಆಮ್ಲದ ನಡುವೆ ಐಸೋನಿಯಜಿಡ್ಡಿನ ಸಂಗಡವಿದ್ದರೆ ರಿಫಾಂಪಿಸಿನ್ ಬೇಗನೆ ಕೆಡುತ್ತದೆ. ಕೆಟ್ಟ ಚೂರುಗಳೂ ಬೆಳಕನ್ನು ಹೀರುವುದರಿಂದ, ಒಟ್ಟಾಗಿ ಅಳೆದರೆ ಕೆಟ್ಟದ್ದೂ ಒಳ್ಳೆಯದೆಂದು ಲೆಕ್ಕಕ್ಕೆ ಬರುತ್ತದೆ. ಆದುದರಿಂದ ವಿಧಾನವನ್ನು ನಂಬುವ ಮುನ್ನ ಅದನ್ನೇ ಪರೀಕ್ಷಿಸುತ್ತಾರೆ: ಗುಳಿಗೆಯನ್ನು ಆಮ್ಲ, ಕ್ಷಾರ, ಬಿಸಿ, ಬೆಳಕುಗಳಿಗೆ ಒಡ್ಡಿ ಬೇಕೆಂದೇ ಕೆಡಿಸಿ, ಚೂರುಗಳು ಬೇರೆಯಾಗಿ ನಿಲ್ಲುತ್ತವೆಯೆ ಎಂದು ನೋಡುತ್ತಾರೆ, ಗೊತ್ತಾದಷ್ಟು ಮದ್ದನ್ನು ಸೇರಿಸಿ ಅಷ್ಟೇ ಮರಳಿ ಸಿಗುತ್ತದೆಯೆ ಎಂದು ಪರಿಶೀಲಿಸುತ್ತಾರೆ, ಒಂದನ್ನೇ ಹಲವು ಬಾರಿ ಅಳೆದು ಉತ್ತರ ಬದಲಾಗದೆಂದು ಖಚಿತಪಡಿಸಿಕೊಳ್ಳುತ್ತಾರೆ. ಅಳತೆಗೋಲನ್ನೂ ಅಳೆಯುವ ಈ ವಿನಯ ನಮ್ಮ ಮನಸ್ಸನ್ನು ಸೆಳೆಯಿತು.

ಆ ಸಂಜೆಯೇ ಅಣ್ಣನ ಮುಂದೆ ಸೀಮೆಸುಣ್ಣದ ಕಡ್ಡಿಯೊಂದಕ್ಕೆ ಕಪ್ಪು ಶಾಯಿಯ ಗೆರೆಯೆಳೆದು, ಗೆರೆ ಮುಳುಗದಂತೆ ನೀರಿನಲ್ಲಿ ನಿಲ್ಲಿಸಿದೆವು. ನೀರು ಏರಿದಂತೆ ಕಪ್ಪು ಒಡೆದು ನೀಲಿ, ನೇರಳೆ ಬಣ್ಣಗಳು ಮೂಡಿದವು. ಅಣ್ಣ ಬಹಳ ಹೊತ್ತು ನೋಡಿ, “ಹಾಗಾದರೆ ನಾಲ್ಕನ್ನೂ ನೋಡಿದವರು ಇದ್ದಾರೆ” ಎಂದ. ಇದ್ದಾರೆ, ಆದರೆ ಗುಳಿಗೆ ಬಾಯಿಗೆ ಬಿದ್ದಿತೆ ಎಂಬುದನ್ನು ಯಾವ ಯಂತ್ರವೂ ನೋಡದು ಎಂದೆವು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು, ಮನೆಯಲ್ಲಿಯೇ ಇದ್ದು ಮದ್ದು ತಿಂದವರೂ ಸ್ಯಾನಟೋರಿಯಮ್ಮಿನಲ್ಲಿದ್ದವರಂತೆಯೇ ಗುಣವಾಗುವರೆಂದು 1959ರಲ್ಲಿ ತೋರಿಸಿಕೊಟ್ಟ ಕತೆಯನ್ನೂ ಹೇಳಿದೆವು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಣ್ಣ ತಪ್ಪಿಹೋಗಿದ್ದ ಎರಡು ದಿನಗಳನ್ನು ವೈದ್ಯರ ಮುಂದೆ ಒಪ್ಪಿಕೊಂಡು, ಅವರು ಹೇಳಿದಂತೆ ನಡೆದು, ಚಿಕಿತ್ಸೆಯನ್ನು ಪೂರ್ತಿ ಮುಗಿಸಿದ.

ಕನ್ನಡದಲ್ಲಿ ಕಲಿಸುವ ಗೆಳೆಯರೇ, ಕಲಿಯುವ ಮಕ್ಕಳೇ, ಸೀಮೆಸುಣ್ಣ ನಿಮ್ಮ ಕೈಯಲ್ಲಿಯೇ ಇದೆ. ‘ನೋಡಿದವರು ಯಾರು?’ ಎಂದು ಕೇಳುವ ಮನೆಯವರನ್ನು ಗದರಿಸಬೇಡಿರಿ. ಗದರಿಸಿದ್ದರೆ ನಮ್ಮಣ್ಣ ಗುಳಿಗೆಯನ್ನು ಕದ್ದು ಎಸೆಯುತ್ತಿದ್ದನೋ ಏನೋ, ತೋರಿಸಿದ್ದರಿಂದ ನುಂಗಿದ.