ಖಣಿ ಮುಚ್ಚಿದ ನೆಲಕ್ಕೆ ಹುಲ್ಲಿನ ಬೀಜ

ಬನಹಟ್ಟಿ

ಪ್ರೀತಿಯ ತಮ್ಮಾ,

ಖಣಿ ಮುಚ್ಚಿದ ಜಾಗದ ಕಾಂಗ್ರೆಸ್ ಕಸಕ್ಕೆ ಟೂ-ಫೋರ್-ಡಿ ಕಳೆನಾಶಕ ಹೊಡೆಸುತ್ತೇನೆಂದು ಫೋನಿನಲ್ಲಿ ಅಂದೆ. ಮಗ್ಗದ ಸಪ್ಪಳದಲ್ಲಿ ಪೂರಾ ಮಾತಾಡಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಡೆಸಬೇಡಪ್ಪಾ. ಬದುವಿನಾಚೆ ಕಾಕಾನ ಹತ್ತಿ ಈಗಷ್ಟೇ ನಾಟಿದೆ. ಆ ಔಷಧ ಗಾಳಿಯಲ್ಲಿ ತೇಲಿ ಬಂದು ತಾಕಿದರೂ ಹತ್ತಿಯ ಎಲೆ ಮುರುಟುತ್ತದೆ.

ಹೊಡೆಸಿದರೆ ಆ ಕಸ ಒಣಗೀತು, ಒಪ್ಪಿದೆ. ಆಮೇಲೆ ಆ ಬರಿ ನೆಲದಲ್ಲಿ ಏನು ಬರುತ್ತದೆ? ಮತ್ತೆ ಅದೇ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಲೋಕಾಪುರದ ಸುತ್ತ ಸುಣ್ಣದಕಲ್ಲು ತೆಗೆದ ಗುಂಡಿಗಳಿಗೆ ಗರಸು ತುಂಬಿ, ಮೇಲೆ ಒಂದಿಷ್ಟು ಮಣ್ಣು ಹರವಿದರೆ ಅಲ್ಲಿ ಈ ಕಸಕ್ಕೆ ಎದುರಾಳಿಯೇ ಇರುವುದಿಲ್ಲ. ರಾಶಿ ಹಾಕಿಟ್ಟ ಮಣ್ಣಿನೊಳಗೂ ಬೀಜ, ಟಿಪ್ಪರಿನ ಗಾಲಿಗೆ ಮೆತ್ತಿದ ಕೆಸರಿನಲ್ಲೂ ಬೀಜ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಅಪಾಯಕಾರಿ ಕಳೆಯೆಂದು ಸಾರಿತು. ಇದರ ಎಲೆ ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಮಳೆ ಬಿದ್ದ ಮೇಲೆ ಎಲೆಯ ಮೇಲೆ ಕಾಣುವ, ಬಿಳಿ ಬೆನ್ನಿಗೆ ಕಂದು ಗೆರೆಯ ಹುಳ ಅದೇ. ಕೊಲ್ಲಬೇಡ. ಆದರೆ ಅದೊಂದನ್ನೇ ನಂಬಿ ಕೂಡಲೂಬೇಡ.

ನೆಲ ಹಸಿ ಇರುವಾಗಲೇ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸು. ಹೂ ಬಿಡದ ಗಿಡ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಆಳುಗಳಿಗೆ ಕೈಗವಸು ಕೊಡು. ಅವ್ವನನ್ನು ಮಾತ್ರ ಆ ಕಡೆ ಕಳಿಸಲೇಬೇಡ. ಹೋದ ವರ್ಷ ಅವಳ ಮೊಣಕೈತನಕ ಎದ್ದ ತುರಿ ಈ ಕಸದ್ದೇ. ಒಮ್ಮೆ ಮೈಗೆ ಒಗ್ಗದಿದ್ದರೆ ಮುಂದೆ ಪ್ರತಿ ಸಲ ಮುಟ್ಟಿದಾಗಲೂ ಕಾಡುತ್ತದೆ. ಅವಳು ಹೇಳುವುದಿಲ್ಲ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ.

ಇನ್ನು ಕುರಿ. ಈ ಮಾತಿಗೆ ನಿನಗೆ ಸಿಟ್ಟು ಬರಬಹುದು. ಕುರಿ ಕರಿಕೆಯನ್ನು ಬುಡದತನಕ ಮೇಯುತ್ತದೆ, ಕಹಿಯಾದ ಈ ಕಸವನ್ನು ಬಿಡುತ್ತದೆ. ಹಾಗಾಗಿ ನಾವೇ ಕಸಕ್ಕೆ ಜಾಗ ಬಿಡಿಸಿಕೊಟ್ಟಂತೆ. ಆಡು ಜಾಲಿಕಾಯಿ ತಿಂದು ಬಂದು ಹಿಕ್ಕೆಯಲ್ಲಿ ಬೀಜ ಹಾಕಿದರೆ ಬಳ್ಳಾರಿ ಜಾಲಿಯೂ ಎದ್ದಿತು. ಅದನ್ನು ಮೇಲೆ ಕಡಿದರೆ ಹತ್ತು ಕಡೆ ಚಿಗುರುತ್ತದೆ, ಸಸಿ ಇದ್ದಾಗಲೇ ಬುಡ ಅಗೆದು ತೆಗೆಯಬೇಕು. ಈ ಮಳೆಗಾಲ ಒಂದಾದರೂ ಆ ಜಾಗಕ್ಕೆ ಮುಳ್ಳಿನ ಬೇಲಿ ಹಾಕು. ಹುಲ್ಲು ಬೀಜ ಕಟ್ಟಿ ಉದುರಲಿ. ತಗಚಿ ಎದ್ದರೆ ಕೀಳಿಸಬೇಡ, ಅದು ದಟ್ಟವಾಗಿ ಬೆಳೆದು ಈ ಕಸವನ್ನು ತುಳಿಯುತ್ತದೆ.

ಖಣಿಯವರನ್ನೂ ಕೇಳು. ಗಣಿ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಮತ್ತೆ ಹುಲ್ಲು ಹಬ್ಬಿಸುವುದನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಕೇಂದ್ರಕ್ಕೆ ಹೇಳಿದೆ. ಮಣ್ಣು ಮುಚ್ಚಿ ಹೋದರೆ ಕೆಲಸ ಮುಗಿಯಲಿಲ್ಲ. ಪಂಚಾಯ್ತಿಯಲ್ಲಿ ಅರ್ಜಿ ಕೊಡು, ನಾಲ್ಕು ಮಂದಿ ಸಹಿ ಹಾಕಿಸು.

ಆ ನೆಲಕ್ಕೆ ಬಿತ್ತಲು ಧಾರವಾಡದಿಂದ ಮೇವಿನ ಸ್ಟೈಲೋ ಬೀಜ, ಅಂಜನ ಹುಲ್ಲಿನ ಬೀಜ ತರಿಸಿಟ್ಟಿದ್ದೇನೆ. ಪಂಚಮಿಗೆ ನನ್ನನ್ನು ಕರೆಯಲು ಬರುವತನಕ ಕಾಯಬೇಡ, ಅಷ್ಟರಲ್ಲಿ ಹದ ತಪ್ಪುತ್ತದೆ. ಈ ಭಾನುವಾರವೇ ಬಂದು ಒಯ್ಯಿ.

ನಿನ್ನ
ಅಕ್ಕ