ಫೋನಿನ ಗೆರೆ ನೋಡಿ ಬದು ಕೀಳಬೇಡಿ

ನಮ್ಮೂರಲ್ಲಿ ಈಗ ಹೊಲದ ಜಗಳ ಶುರುವಾಗುವುದೇ ಫೋನಿನಿಂದ. ಒಬ್ಬರು ಬದುವಿನ ಮೇಲೆ ನಿಂತು, "ನೋಡು, ಗೆರೆ ನಿನ್ನ ಹೊಲದೊಳಗೆ ಹೋಗಿದೆ. ಇಷ್ಟು ವರ್ಷ ನನ್ನ ಜಾಗ ಉಳ್ತಿದ್ದೀಯ" ಅನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ದಾಯಾದಿಗಳಿಬ್ಬರು ಇದೇ ಕಾರಣಕ್ಕೆ ಮಾತು ಬಿಟ್ಟರು. ಜೆಸಿಬಿ ಕರೆಸುವುದೊಂದೇ ಬಾಕಿ ಇತ್ತು.

ಆ ಗೆರೆಯನ್ನು ಎಷ್ಟು ನಂಬಬಹುದು ಎಂದು ನಾನೇ ನೋಡಿದೆ. ನಮ್ಮ ಹೊಲದ ಬಾಂದುಕಲ್ಲಿನ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್ ಇಟ್ಟೆ. ಬೆಳಿಗ್ಗೆ ನೀಲಿ ಚುಕ್ಕೆ ನಮ್ಮ ಹೊಲದಲ್ಲಿತ್ತು, ಸಂಜೆ ಪಕ್ಕದವರ ಹೊಲದಲ್ಲಿ. ಕಲ್ಲು ಮಾತ್ರ ಇದ್ದಲ್ಲೇ ಇತ್ತು.

ಇದು ಫೋನ್ ಕೆಟ್ಟಿದ್ದಕ್ಕಲ್ಲ. ಬಯಲಿನಲ್ಲಿ ನಿಂತರೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್, ಅಂದರೆ 16 ಅಡಿ ಆಚೀಚೆ ತೋರಿಸಬಹುದು. ಅಡಿಕೆ, ತೆಂಗಿನ ಮರಗಳ ಕೆಳಗೆ ಇನ್ನೂ ಹೆಚ್ಚು. ನಮ್ಮ ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. 330 ಅಡಿ ಉದ್ದದ ಬದುವನ್ನು 16 ಅಡಿ ಸರಿಸಿದರೆ ಹೆಚ್ಚುಕಡಿಮೆ 5 ಗುಂಟೆ ಕೈ ಬದಲಾಗುತ್ತದೆ.

ಎರಡನೆಯ ವ್ಯತ್ಯಾಸ ನಕ್ಷೆಯದ್ದು. ಫೋನಿನಲ್ಲಿ ಕಾಣುವ ಸರ್ವೆ ನಂಬರಿನ ಗೆರೆಗಳು ಬಂದಿರುವುದು ಹಳೆಯ ಗ್ರಾಮ ನಕ್ಷೆಯಿಂದ. ಅಂಥ ಹಲವು ನಕ್ಷೆಗಳಲ್ಲಿ ಒಂದು ಇಂಚು ಎಂದರೆ ನೆಲದ ಮೇಲೆ 10 ಸರಪಳಿ, ಅಂದರೆ 660 ಅಡಿ. ಕಾಗದದ ಮೇಲೆ ಗೆರೆ ಒಂದು ಮಿಲಿಮೀಟರ್ ಸರಿದರೆ ಹೊಲದಲ್ಲಿ 26 ಅಡಿ ಸರಿದಂತೆ.

ಹಾಗಂತ ಆ್ಯಪ್ ಅಳಿಸಿಹಾಕಬೇಡಿ. ಸರ್ಕಾರದ ದಿಶಾಂಕ್ ಆ್ಯಪ್, ನಿಂತ ಜಾಗ ಯಾವ ಸರ್ವೆ ನಂಬರಿನದು ಎಂದು ತಿಳಿಯಲು ಬಹಳ ಅನುಕೂಲ. ಜಮೀನು ಕೊಳ್ಳುವ ಮೊದಲು ಅಕ್ಕಪಕ್ಕ ಏನಿದೆ ಎಂದು ಒಮ್ಮೆ ನೋಡಿಕೊಳ್ಳಬಹುದು. ಆದರೆ ಊರು ತೋರಿಸುವ ಕೈಕಂಬದಿಂದ ಹೊಲ ಅಳೆಯಲಾಗದು.

ಸರ್ವೆಯವರು ತರುವ ರೋವರ್ ಯಂತ್ರದ ಕಥೆಯೇ ಬೇರೆ. ಅದಕ್ಕೆ ನೆಲದ ಮೇಲಿನ ಸ್ಥಿರ ಕೇಂದ್ರದಿಂದ ತಿದ್ದುಪಡಿ ಸಿಗುತ್ತಿರುತ್ತದೆ. ಹಾಗಾಗಿ ವ್ಯತ್ಯಾಸ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೂ ರೋವರ್ ಹೇಳುವುದು ಈ ಜಾಗ ಎಲ್ಲಿದೆ ಎಂದಷ್ಟೇ. ಗಡಿ ಎಲ್ಲಿರಬೇಕು ಎಂದು ಹೇಳುವುದು ಹಳೆಯ ಟಿಪ್ಪಣಿ, ಪೋಡಿ ದಾಖಲೆ, ಬಾಂದುಕಲ್ಲು.

ಅನುಮಾನ ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಅಕ್ಕಪಕ್ಕದವರಿಗೂ ನೋಟಿಸ್ ಹೋಗುತ್ತದೆ, ಎಲ್ಲರ ಎದುರಿಗೇ ಅಳತೆ ನಡೆಯುತ್ತದೆ. ಭೂಮಾಪಕರು ಬಂದಾಗ ಯಾವ ಕಲ್ಲಿನಿಂದ ಅಳತೆ ಶುರು ಮಾಡಿದಿರಿ ಎಂದು ಕೇಳಿ, ನಕ್ಷೆಯ ಪ್ರತಿ ಪಡೆದುಕೊಳ್ಳಿ. ಅಲ್ಲಿಯವರೆಗೆ ಬಾಂದುಕಲ್ಲನ್ನು ಯಾರೂ ಅಲುಗಿಸದಂತೆ ನೋಡಿಕೊಳ್ಳಿ. ಕಲ್ಲು ಕಳೆದುಹೋದರೆ ಎಂಥ ಯಂತ್ರ ಬಂದರೂ ಹುಡುಕುವ ಕೆಲಸ ಕಷ್ಟವಾಗುತ್ತದೆ.