ಎಪ್ಪತ್ತರ ದಶಕದ ಆರು ಆಲ್ಬಮ್ಮುಗಳು, ನೀವು ಕೇಳದೇ ಬಿಟ್ಟಿರಬಹುದಾದವು

ಎಪ್ಪತ್ತರ ದಶಕದ ಕನ್ನಡ ಹಾಡು ಅಂದಕೂಡಲೇ ಎಲ್ಲರ ಬಾಯಲ್ಲೂ ಬರೋದು ಅದೇ ನಾಲ್ಕೈದು ಹೆಸರು. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್. ಹಾಡಿದವರು ಎಸ್ಪಿಬಿ, ಜಾನಕಿ, ಪಿಬಿಎಸ್. ತಪ್ಪೇನಿಲ್ಲ ಬಿಡಿ. 'ಎರಡು ಕನಸು', 'ಬಯಲು ದಾರಿ' ಕೇಳದೇ ಬೆಳೆದ ಮನೆ ಯಾವುದಿದೆ? ಆದರೆ ಅವೇ ಹಾಡು ಮೊದಲು ರೇಡಿಯೋದಲ್ಲಿ ಬಂದವು, ಆಮೇಲೆ 'ಗೋಲ್ಡನ್ ಹಿಟ್ಸ್' ಕ್ಯಾಸೆಟ್ಟಿನಲ್ಲಿ ಬಂದವು, ಆಮೇಲೆ ನೂರು ಹಾಡಿನ ಎಂಪಿ3 ಸಿಡಿಯಲ್ಲಿ, ಈಗ ಮೊಬೈಲಿನ ಪ್ಲೇಲಿಸ್ಟಿನಲ್ಲಿ. ಪಟ್ಟಿ ಮಾತ್ರ ಬದಲಾಗಲಿಲ್ಲ.

ನಮ್ಮ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಅಮೆರಿಕದ ಎಪ್ಪತ್ತರ ದಶಕದ ರಾಕ್ ಮತ್ತು ಕಂಟ್ರಿ ಸಂಗೀತ ಅಂದರೆ ಜೀವ. ಯಾರೂ ಕೇಳದ ಆಲ್ಬಮ್ಮುಗಳ ಪಟ್ಟಿ ಮಾಡಿ ನಮಗೆಲ್ಲ ಕಳಿಸೋದು ಅವರ ಹವ್ಯಾಸ. ಜೀನ್ ಕ್ಲಾರ್ಕ್ ಅನ್ನೋ ಗಾಯಕನ 'ನೋ ಅದರ್' ಅನ್ನೋ ಆಲ್ಬಮ್ಮಿನ ಕಥೆ ಹೇಳಿದ್ದೂ ಅವರೇ. 1974ರಲ್ಲಿ ಬಂತು, ಮಾರಾಟವಾಗಲಿಲ್ಲ, ಎಲ್ಲರೂ ಮರೆತರು. 45 ವರ್ಷ ಆದಮೇಲೆ, 2019ರಲ್ಲಿ, ಒಂದು ಬ್ರಿಟಿಷ್ ಕಂಪನಿ ಅದನ್ನ ಅಚ್ಚುಕಟ್ಟಾಗಿ ಮತ್ತೆ ಹೊರತಂದಿತು. ಈಗ ಅದನ್ನ ಮೇರುಕೃತಿ ಅಂತಾರೆ. ಅವರು ಇದನ್ನ ಹೇಳಿ, "ನಿಮ್ಮ ಕನ್ನಡದಲ್ಲಿ ಇಂಥವು ಇಲ್ಲವಾ?" ಅಂದರು. ಇದಾವಲ್ರೀ ಸರ್, ಬೇಕಾದಷ್ಟು ಇದಾವ!

ಕಂಟ್ರಿ ಅಂದರೆ ಹಳ್ಳಿ ತಾನೆ? ಅಲ್ಲಿ ಗಿಟಾರು, ಬ್ಯಾಂಜೋ ಹಿಡಿದು ಊರಿನ ಕಥೆ ಹೇಳ್ತಾರೆ. ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ದಪ್ಪು, ತುಂತುಣಿ, ಸನಾದಿ ಹಿಡಿದು ಹೇಳ್ತಾರೆ. ಗೀಗೀ ಪದ, ಲಾವಣಿ, ರಾತ್ರಿಯಿಡೀ ನಡೆಯೋ ಶ್ರೀಕೃಷ್ಣ ಪಾರಿಜಾತ. ಈ ಥರದ ಮಣ್ಣಿನ ಸದ್ದು ಸಿನಿಮಾದ ಧ್ವನಿಪಟ್ಟಿಗೆ ಸಕ್ಕರೆ ಪಾಕ ಹಚ್ಚಿಸಿಕೊಳ್ಳದೆ ಬಂದಿದ್ದು ಎಪ್ಪತ್ತರ ದಶಕದಲ್ಲಿ. ತಂದವರು ಹೆಚ್ಚಿನವರು ನಾಟಕದ ಮಂದಿ, ಶಾಸ್ತ್ರೀಯ ಸಂಗೀತದ ಮಂದಿ, ಒಬ್ಬರಂತೂ ಕವಿ.

ಹಾಗಾದರೆ ಯಾಕೆ ಮರೆತೆವು? ಒಂದು ಕಾರಣ, ಈ ಚಿತ್ರಗಳು ನಮ್ಮ ಊರಿನ ಟಾಕೀಸುಗಳಲ್ಲಿ ನಿಲ್ಲಲಿಲ್ಲ. 'ಅವಾರ್ಡ್ ಪಿಚ್ಚರ್' ಅಂತ ಹಣೆಪಟ್ಟಿ ಬಿದ್ದರೆ ಮುಗೀತು. ಇನ್ನೊಂದು, ಹಾಡಿನ ಸಂಕಲನ ಮಾಡುವವರು ನಾಯಕನ ಹೆಸರು ನೋಡಿ ಆರಿಸ್ತಾರೆ. ನಾಯಕನೇ ಇಲ್ಲದ ಚಿತ್ರದ ಹಾಡನ್ನ ಯಾವ ಡಬ್ಬಿಗೆ ಹಾಕೋದು? ಇನ್ನು ಕೆಲವದರಲ್ಲಿ ಹಾಡೇ ಇಲ್ಲ, ಇರೋದು ಬರೀ ಹಿನ್ನೆಲೆ ಸಂಗೀತ. ಅದಕ್ಕೆ ರೆಕಾರ್ಡ್ ಎಲ್ಲಿಂದ ಬರಬೇಕು? ಹಾಗಾಗಿ ನನ್ನ ಪಟ್ಟಿಯಲ್ಲಿ 'ಆಲ್ಬಮ್' ಅಂದರೆ ಚಿತ್ರದ ಒಟ್ಟು ಸಂಗೀತ ಅಂತ ತಿಳಕೊಳ್ಳಿ.

1. ಸಂಸ್ಕಾರ (1970) - ರಾಜೀವ ತಾರಾನಾಥ

ಸರೋದ್ ವಾದಕ, ಅಲಿ ಅಕ್ಬರ್ ಖಾನರ ಶಿಷ್ಯ, ಜೊತೆಗೆ ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ಪಟ್ಟಾಭಿರಾಮ ರೆಡ್ಡಿಯವರ ಈ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂದಿದ್ದು ಎಲ್ಲರಿಗೂ ಗೊತ್ತು. ಸಂಗೀತದ ಬಗ್ಗೆ ಮಾತಾಡುವವರು ಕಡಿಮೆ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರಿಲ್ಲ. ಇಂಥ ಕಡೆ ಪಿಟೀಲುಗಳ ಹಿಂಡು ತಂದು ಅಳಿಸೋದು ಸುಲಭ. ಅದನ್ನ ಮಾಡದೆ ಮೌನಕ್ಕೂ ಜಾಗ ಬಿಟ್ಟಿದ್ದಾರೆ ನೋಡಿ, ಅದು ಕೇಳಬೇಕಾದದ್ದು. ರಾಜೀವರು 2024ರ ಜೂನ್‌ನಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲೂ ಸರೋದಿನದೇ ಮಾತು ಹೆಚ್ಚು. ಈ ಕೆಲಸವನ್ನೂ ಅದರ ಪಕ್ಕದಲ್ಲೇ ಇಡಬೇಕು ಅನ್ನೋದು ನನ್ನ ಅಭಿಪ್ರಾಯ.

2. ಚೋಮನ ದುಡಿ (1975) - ಬಿ.ವಿ. ಕಾರಂತ

ನಿರ್ದೇಶನವೂ ಅವರದೇ, ಸಂಗೀತವೂ ಅವರದೇ. ಗುಬ್ಬಿ ಕಂಪನಿಯಲ್ಲಿ ಬೆಳೆದ ಮನುಷ್ಯ. ಕೈಗೆ ಸಿಕ್ಕಿದ್ದರಲ್ಲೆಲ್ಲ ನಾದ ಹುಡುಕುವವರು. ಈ ಚಿತ್ರದಲ್ಲಿ ಅವರಿಗೆ ಹುಡುಕುವ ಕೆಲಸವೇ ಇರಲಿಲ್ಲ, ಶಿವರಾಮ ಕಾರಂತರು 1933ರ ಕಾದಂಬರಿಯಲ್ಲೇ ವಾದ್ಯ ಕೊಟ್ಟುಬಿಟ್ಟಿದ್ದರು. ಚೋಮನಿಗೆ ಭೂಮಿ ಇಲ್ಲ, ಮಾತೂ ಹೆಚ್ಚಿಲ್ಲ. ಸಿಟ್ಟು, ದುಃಖ, ಸಂತೋಷ ಎಲ್ಲ ದುಡಿಯಲ್ಲೇ. ರಾಕ್ ಸಂಗೀತದವರು 'ಡ್ರಮ್ ಸೋಲೋ' ಅಂತ ಹೊಗಳ್ತಾರಲ್ಲ, ಅವರನ್ನ ಕೂರಿಸಿ ಈ ಚಿತ್ರದ ಕೊನೆಯ ದುಡಿ ಕೇಳಿಸಬೇಕು. ಬಾಗಿಲು ಹಾಕಿದ ಗುಡಿಸಲಿನ ಒಳಗಿಂದ ಬರೋ ಸದ್ದು ನಿಂತಾಗ ಎದೆ ಝಲ್ ಅನ್ನದಿದ್ದರೆ ಹೇಳಿ. ಇದು ಹಿಡಿಸಿದರೆ ಕಾರಂತರದೇ ಸಂಗೀತದ 'ಕಾಡು' (1973) ಕೂಡ ಕೇಳಿ. ಅದು ಗಿರೀಶ ಕಾರ್ನಾಡರ ನಿರ್ದೇಶನ.

3. ಕಾಕನಕೋಟೆ (1977) - ಸಿ. ಅಶ್ವಥ್

ಭಾವಗೀತೆಯ ಅಶ್ವಥ್ ಎಲ್ಲರಿಗೂ ಗೊತ್ತು. ಸಂಗೀತ ನಿರ್ದೇಶಕರಾಗಿ ಅವರು ಚಿತ್ರರಂಗಕ್ಕೆ ಬಂದಿದ್ದು ಇದರಿಂದ. ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ನಿರ್ದೇಶನ. ಕಾಡು ಕುರುಬರ ಕಥೆ ಆದ್ದರಿಂದ ಧ್ವನಿಯಲ್ಲಿ ಕಾಡಿನ ಬಿಚ್ಚು ಗಂಟಲು ಇದೆ. ಸೂರ್ಯೋದಯದ ಹಾಡೊಂದು ಉಳಿದುಕೊಂಡಿದೆ, ಉಳಿದವು ಮರೆತುಹೋಗಿವೆ. ನಮ್ಮಂಥ ಕೆಲಸದವರಿಗೆ ಒಂದು ಸಮಾಧಾನದ ಸಂಗತಿ: ಅಶ್ವಥ್ 27 ವರ್ಷ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಇದನ್ನೆಲ್ಲ ಮಾಡಿದವರು. ಶಿಫ್ಟ್ ಮುಗಿಸಿ ಸುಸ್ತಾಯಿತು ಅನ್ನುವಾಗ ನೆನಪಿಡಿ :-)

4. ಸನಾದಿ ಅಪ್ಪಣ್ಣ (1977) - ಜಿ.ಕೆ. ವೆಂಕಟೇಶ್

ಇದು ಮರೆತುಹೋದ ಚಿತ್ರ ಅಲ್ಲವಲ್ಲ ಅಂತೀರಿ. ಹೌದು, ರಾಜ್‌ಕುಮಾರ್ ಚಿತ್ರ. ಆದರೆ ಇದನ್ನ ನೆನಪಿಡೋದು ಜಾನಕಿಯವರ ಒಂದು ಹಾಡಿಗಾಗಿ. ನಾನು ಹೇಳೋದು ಚಿತ್ರದುದ್ದಕ್ಕೂ ಇರುವ ಬಿಸ್ಮಿಲ್ಲಾ ಖಾನರ ಶಹನಾಯಿ ಬಗ್ಗೆ. ಕಥೆ ಬರೆದ ಕೃಷ್ಣಮೂರ್ತಿ ಪುರಾಣಿಕರು ನಮ್ಮ ಬೀಳಗಿಯಲ್ಲಿ ಹುಟ್ಟಿದವರು. ಅಮೀರ್‌ಬಾಯಿ ಕರ್ನಾಟಕಿಯೂ ಬೀಳಗಿಯವರೇ ಅನ್ನೋದು ಬಹಳ ಜನಕ್ಕೆ ಗೊತ್ತು, ಪುರಾಣಿಕರ ಸಂಗತಿ ಅಷ್ಟು ಗೊತ್ತಿಲ್ಲ. 'ಸನಾದಿ' ಅನ್ನೋ ಶಬ್ದವೇ ನಮ್ಮ ಕಡೆಯದು. ನಮ್ಮಲ್ಲಿ ಮದುವೆ ಹಂದರದ ಬಾಗಿಲಲ್ಲಿ ಭಜಂತ್ರಿಯವರು ಕೂತು ಊದುತ್ತಿದ್ದ ವಾದ್ಯ ಅದು. ಊಟದ ಪಂಕ್ತಿ ಕೂತಾಗ ಅವರನ್ನ ಕೊನೆಗೆ ಕರೆಯೋದನ್ನೂ ನೋಡಿದ್ದೇನೆ. ಈಗ ಹಂದರದ ಮುಂದೆ ಡಿಜೆ. ಹಳ್ಳಿಯ ಸನಾದಿಯವನ ಕಥೆಗೆ ಕಾಶಿಯ ಉಸ್ತಾದರನ್ನ ಕರೆಸಿದರಲ್ಲ, ಆ ವಾದ್ಯಕ್ಕೆ ನಮ್ಮ ಕನ್ನಡ ಸಿನಿಮಾ ಕೊಟ್ಟ ಇದಕ್ಕಿಂತ ದೊಡ್ಡ ಮರ್ಯಾದೆ ನನಗಂತೂ ಗೊತ್ತಿಲ್ಲ.

5. ಒಂದಾನೊಂದು ಕಾಲದಲ್ಲಿ (1978) - ಭಾಸ್ಕರ ಚಂದಾವರಕರ

ಕಾರ್ನಾಡರ ಚಿತ್ರ, ಶಂಕರ್‌ನಾಗ್ ಅವರ ಮೊದಲ ಚಿತ್ರ. ಜಪಾನಿನ ಕುರೋಸಾವಾ ಚಿತ್ರಗಳ ಪ್ರಭಾವ ಇರುವ ಕಾಳಗದ ಕಥೆ. ಚಂದಾವರಕರರು ರವಿಶಂಕರರ ಹತ್ತಿರ ಸಿತಾರ್ ಕಲಿತವರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು, 1972ರ ಮರಾಠಿ ನಾಟಕ 'ಘಾಶೀರಾಮ ಕೊತ್ವಾಲ'ಕ್ಕೆ ಸಂಗೀತ ಕೊಟ್ಟವರು. ಕವಿತಾ ಕೃಷ್ಣಮೂರ್ತಿ ಹಿಂದಿಯಲ್ಲಿ ಹೆಸರು ಮಾಡುವ ಮೊದಲೇ ಈ ಚಿತ್ರಕ್ಕೆ ಹಾಡಿದ್ದಾರೆ. ಚಂದಾವರಕರರದೇ 'ವಂಶವೃಕ್ಷ' (1971) ಮತ್ತು 'ತಬ್ಬಲಿಯು ನೀನಾದೆ ಮಗನೆ' (1977) ಕೂಡ ಇವೆ, ಆದರೆ ಶುರು ಮಾಡೋಕೆ ಇದೇ ಒಳ್ಳೇದು.

6. ಕಾಡು ಕುದುರೆ (1979) - ಚಂದ್ರಶೇಖರ ಕಂಬಾರ

ಈ ಪಟ್ಟಿ ಬರೆಯೋಕೆ ಕೂತಿದ್ದೇ ಇದೊಂದಕ್ಕಾಗಿ ಅಂದರೂ ನಡೆಯತ್ತೆ. ಬರೆದವರು, ನಿರ್ದೇಶಿಸಿದವರು, ಸಂಗೀತ ಕೊಟ್ಟವರು ಎಲ್ಲ ಕಂಬಾರರೇ. ಊರು ಘೋಡಗೇರಿ, ಬೆಳಗಾವಿ ಜಿಲ್ಲೆ. ಅಂದರೆ ನಮ್ಮ ಪಕ್ಕದ ಸೀಮೆ. ಶೀರ್ಷಿಕೆ ಗೀತೆ ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು.

ಪ್ರಶಸ್ತಿ ಇರಲಿ. ನನಗೆ ಇದು ಯಾಕೆ ಮುಖ್ಯ ಅಂದರೆ, ಬೆಂಗಳೂರಿಗೆ ಬಂದ ಮೇಲೆ ನಮ್ಮ ಕಡೆಯ ಮಾತು ಅಂದರೆ ತಮಾಷೆ ಅನ್ನೋದು ತಿಳೀತು. "ಬಾಸ್, ಇನ್ನೊಂದ್ಸಲ ಹೇಳಿ, ಸಖತ್ ಕಾಮಿಡಿಯಾಗಿದೆ" ಅಂತಾರೆ. ನಾನು ಹೇಳಿದ್ದು ಸರ್ವರ್ ಡೌನ್ ಆಗಿದೆ ಅಂತ! ಸಿನಿಮಾದಲ್ಲೂ ಹಾಗೇ, ನಮ್ಮ ಕನ್ನಡ ಮಾತಾಡುವವನು ಬಂದ ಅಂದರೆ ಜನ ನಗೋಕೆ ತಯಾರಾಗ್ತಾರೆ. ಕಂಬಾರರ ಈ ಹಾಡಿನಲ್ಲಿ ಅದೇ ಮಾತು, ಅದೇ ಧಾಟಿ ಇದೆ, ಆದರೆ ಯಾರೂ ನಗಲ್ಲ. ಬೆರಗು ಇದೆ, ಭಯ ಇದೆ, ಎಲ್ಲಿಂದಲೋ ಬಂದ ಒಂದು ಶಕ್ತಿಯ ವೇಗ ಇದೆ. ನಮ್ಮ ಮಾತಿಗೆ ಇಷ್ಟು ತಾಕತ್ತಿದೆ ಅಂತ ಒಂದು ಹಾಡು ತೋರಿಸಿಕೊಟ್ಟರೆ ಅದನ್ನ ಹೇಗೆ ಮರೆಯೋದು ಹೇಳಿ.

ಹೋದ ಸಲ ಊರಿಗೆ ಹೋದಾಗ ಬನಹಟ್ಟಿಯಲ್ಲಿ ಕಾಕಾನ ಪವರ್‌ಲೂಮ್ ಶೆಡ್ಡಿನಲ್ಲಿದ್ದೆ. ಮಗ್ಗ ನಡೀತಾ ಇದ್ದರೆ ಅಲ್ಲಿ ಕಿವಿಗೆ ಬೇರೆ ಏನೂ ಬೀಳಲ್ಲ. ಕರೆಂಟ್ ಹೋದಾಗ ಮೊಬೈಲಿನಲ್ಲಿ ಈ ಹಾಡು ಹಚ್ಚಿದೆ. ಕಾಕಾ ನೂಲಿನ ಕಂಡಿಕೆ ಕೈಯಲ್ಲಿ ಹಿಡಿದವರು ಹಾಗೇ ನಿಂತರು.

"ಇಂವ ಯಾವೂರಾಂವೋ ತಮ್ಮಾ?"

"ಶಿವಮೊಗ್ಗಾದವ್ರರೀ ಕಾಕಾ. ವಕೀಲರಿದ್ರಂತ. ಈಗಿಲ್ಲ, 2022ರಾಗ ತೀರಿಕೊಂಡ್ರು."

"ಹೋಗೋ, ಸುಳ್ಳ ಹೇಳಬ್ಯಾಡ. ನಮ್ಮ ಕಡಿಯಾಂವನ ಇದ್ದಾನ ಇಂವ."

ಮಲೆನಾಡಿನ ವಕೀಲರೊಬ್ಬರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ!

ಒಂದು ತಾಂತ್ರಿಕ ವಿಷಯ ಹೇಳಿಬಿಡ್ತೀನಿ, ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ. ಆಗಿನ ಚಿತ್ರಗಳ ಧ್ವನಿ ರೀಲಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗುತ್ತಿತ್ತು. ಒಂದೇ ಚಾನೆಲ್. ನಮ್ಮ ಕಿವಿ 20 ಸಾವಿರ ಹರ್ಟ್ಜ್ ತನಕ ಕೇಳಬಲ್ಲದು, ಆ ಗೆರೆಯಲ್ಲಿ ಸರಿಯಾಗಿ ಉಳಿಯುತ್ತಿದ್ದದ್ದು ಹೆಚ್ಚೂಕಡಿಮೆ 8 ಸಾವಿರದವರೆಗೆ. ಇಷ್ಟು ಕಿರಿದಾದ ಬಾಗಿಲಲ್ಲಿ ಅರವತ್ತು ಪಿಟೀಲು ನುಗ್ಗಿದರೆ ಕಲಸುಮೇಲೋಗರ. ಒಂದು ದುಡಿ, ಒಂದು ಕೊಳಲು, ಒಂದು ಗಂಟಲು ಮಾತ್ರ ಆದರೆ ಆರಾಮಾಗಿ ದಾಟುತ್ತವೆ. ಬಡ ಬಜೆಟ್ಟಿನ ಈ ಚಿತ್ರಗಳ ಸಂಗೀತ ಸವೆದ ಪ್ರಿಂಟಿನಲ್ಲೂ ಇವತ್ತು ಕಿವಿಗೆ ಹಿತ ಅನ್ನಿಸೋದಕ್ಕೆ ಇದೂ ಒಂದು ಕಾರಣ. ಅದಕ್ಕೇ ಒಂದು ಕಿವಿಮಾತು. ಯಾರೋ 'ಡಿಜಿಟಲ್ ರೀಮಾಸ್ಟರ್' ಅಂತ ಬರೆದು, ಪ್ರತಿಧ್ವನಿ ಸೇರಿಸಿ, ಗುಸುಗುಸು ಸದ್ದನ್ನ ಪೂರ್ತಿ ಒರೆಸಿ ಹಾಕಿದ ಪ್ರತಿಗಳನ್ನ ಬಿಡಿ. ಗುಸುಗುಸು ಒರೆಸುವಾಗ ದಪ್ಪಿನ ಮೇಲೆ ಬೆರಳು ಬೀಳುವ ಸದ್ದೂ ಹೋಗಿರತ್ತೆ. ಸ್ವಲ್ಪ ಗರಗರ ಇದ್ದರೂ ಹಳೇ ಪ್ರತಿಯೇ ವಾಸಿ.

ಜೀನ್ ಕ್ಲಾರ್ಕನಿಗೆ ಬಂದ ಯೋಗ ನಮ್ಮವಕ್ಕೂ ಬರಬಾರದಾ? ಒಂದಕ್ಕೆ ಬಂದಿದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರವನ್ನ ಹಾಲಿವುಡ್ಡಿನ ಮಾರ್ಟಿನ್ ಸ್ಕೋರ್ಸೆಸಿಯವರ ಪ್ರತಿಷ್ಠಾನ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಸರಿಪಡಿಸಿ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದರ ಸಂಗೀತ ಬಿ.ವಿ. ಕಾರಂತರದು, ಅದಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಅಂದರೆ ಚಿತ್ರದ ಜೊತೆ ಧ್ವನಿಯೂ ಉಳೀತು. ಆದರೆ ಎಲ್ಲಕ್ಕೂ ಸ್ಕೋರ್ಸೆಸಿ ಬರಲಿ ಅಂತ ಕಾಯೋಕೆ ಆಗಲ್ಲ. ರೀಲು ಹುಳಿ ಹಿಡಿದು ಹಾಳಾದರೆ ಮುಗೀತು, ಅದಕ್ಕೆ ಬ್ಯಾಕಪ್ ಇಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದರೆ ನನ್ನ ಸಲಹೆ ಇದು. ಮೊದಲು 'ಕಾಡು ಕುದುರೆ'ಯ ಶೀರ್ಷಿಕೆ ಗೀತೆ, ಇಯರ್‌ಫೋನ್ ಹಾಕಿಕೊಂಡು. ಆಮೇಲೆ 'ಕಾಕನಕೋಟೆ'. ಒಂದು ಭಾನುವಾರ ಬಿಡುವು ಮಾಡಿಕೊಂಡು 'ಚೋಮನ ದುಡಿ' ಪೂರ್ತಿ ನೋಡಿ. 'ಸಂಸ್ಕಾರ' ಕೊನೆಗೆ ಇರಲಿ, ಅದಕ್ಕೆ ಕಿವಿ ಸ್ವಲ್ಪ ಹದವಾಗಿರಬೇಕು.

ಇನ್ನೊಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ರೆಕಾರ್ಡುಗಳ ಪೆಟ್ಟಿಗೆ ಇದ್ದರೆ, 45 ಸುತ್ತಿನ ಚಿಕ್ಕ ತಟ್ಟೆಗಳು, ಒಂದೊಂದರಲ್ಲಿ ಮೂರು-ನಾಲ್ಕು ಹಾಡು, ದಯವಿಟ್ಟು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮೇಲಿನ ಧೂಳು ಒರೆಸಿ ಹೆಸರು ಓದಿ. ಈ ಆರರಲ್ಲಿ ಯಾವುದಾದರೂ ಸಿಕ್ಕರೆ ನನಗೊಂದು ಮಾತು ತಿಳಿಸಿ. ಜಮಖಂಡಿಯಿಂದ ರಾತ್ರಿ ಬಸ್ಸು ಹಿಡಿದಾದರೂ ಬಂದು ಕೇಳಿಕೊಂಡು ಹೋಗ್ತೀನಿ. ಚಹಾ ಮಾತ್ರ ನೀವು ಕುಡಿಸಬೇಕು, ಅಷ್ಟೇ.